‘ಹ’ ಅಕ್ಷರದ ಹೊಸ ಅರ್ಥ

ಸೆಮಾರಾಂಗ್ ನಗರದಲ್ಲಿ, ಸೊತೊ ಎಂಬ ಸಾರು ಮಾರುವ ಒಂದು ಅಂಗಡಿಯ ಮಹಡಿಯಲ್ಲಿ ವಿನಾರ್ನಿ ಮತ್ತು ಪ್ರಸೊಜೊ ಬಾಡಿಗೆಗೆ ಹಿಡಿದ ಕೋಣೆಯಿತ್ತು. ಮೌಸ್ ಹಿಡಿಯಲಾಗದವರಿಗೆ, ಕಣ್ಣು ಕಾಣದವರಿಗೆ ಅನುಕೂಲವಾಗಲೆಂದು ಆರು ವರ್ಷದ ಹಿಂದೆ ಇಬ್ಬರೂ ಸೇರಿ ಬ್ರೌಸರಿಗೊಂದು ಎಕ್ಸ್‌ಟೆನ್ಶನ್ ಮಾಡಿದ್ದರು. ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿದರೆ ಪುಟ ತೆರೆಯುತ್ತಿತ್ತು, ಇನ್ನೊಂದು ಒತ್ತಿದರೆ ಮುಚ್ಚುತ್ತಿತ್ತು. ಇಷ್ಟವಾದ ಬರಹವನ್ನು ತೆಗೆದಿಟ್ಟುಕೊಳ್ಳಲು ಅದರೊಳಗೇ ಒಂದು ಕಪಾಟೂ ಇತ್ತು.

ಬರಬರುತ್ತ ಈ ಆಜ್ಞೆಗಳು ಬೆಳೆದು ಗೋಜಲಾಗಿದ್ದವು. ಕಪಾಟಿನಿಂದ ಏನಾದರೂ ಅಳಿಸಬೇಕೆಂದರೆ ಮೂರು ಅಕ್ಷರ ಒತ್ತಬೇಕು, ಮೇಲೆ ‘ಖಂಡಿತವೇ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಬಳಸುವವರ ಗೊಣಗಾಟ ಹೆಚ್ಚಾದಾಗ, ಒಂದು ಮಂಗಳವಾರ ಬೆಳಿಗ್ಗೆ ಇಬ್ಬರೂ ಹಲಗೆಯ ಮುಂದೆ ನಿಂತು ಹೊಸ ಆಜ್ಞೆಗಳನ್ನು ಆರಿಸತೊಡಗಿದರು.

“ಅಳಿಸೋದಕ್ಕೆ ಎಕ್ಸ್ ಇಡೋಣ. ಯಾರೂ ಕೈತಪ್ಪಿ ಒತ್ತಲ್ಲ,” ಅಂದ ಪ್ರಸೊಜೊ.

“ಎಕ್ಸ್‌ನಿಂದ ಶುರುವಾಗೋ ಮಾತು ನಮ್ಮಲ್ಲಿ ಯಾವುದಿದೆ ಮಾಸ್?” ವಿನಾರ್ನಿಗಿಂತ ಅವನು ಐದು ವರ್ಷ ದೊಡ್ಡವನು, ಅಣ್ಣ ಅನ್ನುವಂತೆ ಮಾಸ್ ಅನ್ನುತ್ತಿದ್ದಳು. “ಹಪುಸ್ ಅಂದ್ರೆ ಅಳಿಸು. ಹ ಇಡೋಣ. ಮುದುಕರಿಗೂ ನೆನಪಿರುತ್ತೆ.”

“ಹ ಈಗ ಹಲಮಾನ್‌ಗೆ, ಪುಟಕ್ಕೆ ಇದೆಯಲ್ಲೇ! ಮುಂದಿನ ಪುಟಕ್ಕೆ ಹೋಗೋದಕ್ಕೆ ಜನ ಒತ್ತೋದೇ ಅದನ್ನ.”

“ಪುಟಕ್ಕೆ ಲ ಕೊಡೋಣ. ಲಂಜುತ್, ಮುಂದುವರಿ ಅಂತ. ಒಂದು ವಾರದಲ್ಲಿ ರೂಢಿಯಾಗುತ್ತೆ. ಜನರ ಬೆರಳೇನು ಕಲ್ಲಿನಲ್ಲಿ ಮಾಡಿರ್ತಾರಾ?”

“ಹಂಗಾದ್ರೆ ಆ ‘ಖಂಡಿತವೇ’ ಆದ್ರೂ ಇರ್ಲಿ.”

“ಅದನ್ನ ಬೈದೇ ತಾನೇ ಅಷ್ಟು ಜನ ಬರೆದಿರೋದು? ತೆಗೀರಿ ಅತ್ಲಾಗೆ.”

ವಿನಾರ್ನಿ ಹಟ ಹಿಡಿದರೆ ಪ್ರಸೊಜೊ ಜಗ್ಗಾಡುವವನಲ್ಲ. ಹಲಗೆಯ ಮೇಲಿನ ಪಟ್ಟಿ ನೋಡಲು ಚೆಂದವಾಗಿತ್ತು. ಪ್ರತಿ ಆಜ್ಞೆಯೂ ಅವರ ಮಾತಿನ ಮೊದಲ ಅಕ್ಷರ. ಅವಳಿಗೆ ಅದರ ಬಗ್ಗೆ ಹೆಮ್ಮೆಯೇ ಆಯಿತು. ಗುರುವಾರ ಹೊಸ ಆವೃತ್ತಿ ಹೊರಗೆ ಹೋಯಿತು. ಬದಲಾವಣೆಯ ಸೂಚನೆ ಪರದೆಯ ಮೂಲೆಯಲ್ಲಿ ಹಳದಿ ಚೌಕದಲ್ಲಿ ಬರುವಂತೆ ಮಾಡಿದ್ದರು. ಕಂಪ್ಯೂಟರು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡೇ ಕೆಲಸ ಮಾಡುವವರಿಗೆ ಆ ಚೌಕ ಕೇಳಿಸುತ್ತದೆಯೇ ಎಂದು ಇಬ್ಬರೂ ನೋಡಲಿಲ್ಲ.

ಹನ್ನೆರಡು ದಿನ ಕಳೆದ ಮೇಲೆ ಅಂಬಾರಾವಾ ಎಂಬ ಊರಿನಿಂದ ಸುಪಾರ್ತಿ ಎಂಬ ಹೆಂಗಸಿನ ಫೋನು ಬಂತು.

“ನಮ್ಮಣ್ಣಂಗೆ ಕಣ್ಣು ಕಾಣಲ್ಲಮ್ಮ. ತೀರಿಕೊಂಡ ಮಗಳ ಬರಹಗಳನ್ನೆಲ್ಲ ನಿಮ್ಮ ಕಪಾಟಲ್ಲಿ ಇಟ್ಕೊಂಡಿದ್ದ. ಈಗ ತೆರೆದ್ರೆ ಕಪಾಟು ಖಾಲಿ ಅನ್ನುತ್ತೆ. ಎಲ್ಲಿಗೆ ಹೋದ್ವು ಅಂತ ಒಂದು ಸಲ ಹೇಳ್ತೀರಾ?”

ವಿನಾರ್ನಿಗೆ ಕೇಳುವಾಗಲೇ ಗೊತ್ತಾಗಿಹೋಯಿತು. ಮನೆಯ ವಿಳಾಸ ಕೇಳಿ ಬರೆದುಕೊಂಡಳು.

ಅದೇ ಮಧ್ಯಾಹ್ನ ಬಸ್ಸು ಹತ್ತಿದಳು. ಸುಪಾರ್ತಿಯ ಅಣ್ಣ ಸುಮಾರ್ವೊತೊ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕಿಟಕಿಯ ಪಕ್ಕ ಕಂಪ್ಯೂಟರಿನ ಮುಂದೆ ಒಗೆದ ಅಂಗಿ ತೊಟ್ಟು, ನೆಂಟರನ್ನು ಕಾಯುವವರಂತೆ ಕೂತಿದ್ದರು. ಮಗಳು ಅರುಮ್ ದೂರದ ಕುಪಾಂಗಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಅಲ್ಲಿನ ದಿನಗಳ ಬಗ್ಗೆ ಒಂದು ತಾಣದಲ್ಲಿ ಬರೆಯುತ್ತಿದ್ದಳು. ಜ್ವರ ಬಂದು ಒಂಬತ್ತೇ ದಿನಕ್ಕೆ ಹೋದಳು. ಮರುವರ್ಷ ಆ ತಾಣವೂ ಮುಚ್ಚುತ್ತದೆಂದು ತಿಳಿದಾಗ, ಅಪ್ಪ ನಲವತ್ಮೂರು ಬರಹಗಳನ್ನು ಒಂದೊಂದಾಗಿ ಕಪಾಟಿಗೆ ಸೇರಿಸಿದ್ದರು.

“ಮೊನ್ನೆ ಭಾನುವಾರ ಅವಳ ಹುಟ್ಟಿದ ದಿನ,” ಅಂದರು ಅವರು. “ಮೊದಲಿಂದ ಕೊನೇವರೆಗೆ ಕೇಳಿದೆ. ಒಂದು ಮುಗೀತು, ಹ ಒತ್ತಿದೆ, ಮುಂದಿನದು ಬಂತು. ಏನೂ ತೊಂದರೆ ಇರಲಿಲ್ಲ ಮಗು. ಎಲ್ಲ ಸರಿಯಾಗೇ ಓದ್ತಾ ಹೋಯ್ತು. ಕೊನೇದು ಮುಗಿದಾಗ ಕಪಾಟು ಖಾಲಿ ಅಂತು.”

ಒಂದು ಅಳಿದಾಗ ಅದರ ಜಾಗಕ್ಕೆ ಮುಂದಿನದು ತಾನಾಗಿ ಬಂದು ನಿಲ್ಲುತ್ತಿತ್ತು. ಅದೂ ವಿನಾರ್ನಿಯದೇ ಏರ್ಪಾಟು. ನಲವತ್ಮೂರು ಸಲ ಅಪ್ಪ ತನ್ನ ಕೈಯಾರೆ ಮಗಳನ್ನು ಅಳಿಸಿದ್ದ.

“ಬಪಾಕ್,” ತಂದೆಯ ಸಮಾನರೆಂದು ಹಾಗೆ ಕರೆದಳು ವಿನಾರ್ನಿ. “ತಪ್ಪು ನಿಮ್ಮದಲ್ಲ. ಹ ಅಕ್ಷರದ ಅರ್ಥ ಬದಲಾಯಿಸಿದ್ದು ನಾನು. ನನ್ನ ಜೊತೆಯವರು ಬೇಡ ಅಂದ್ರು, ನಾನು ಕೇಳಲಿಲ್ಲ.”

ಸುಮಾರ್ವೊತೊ ಕೀಲಿಮಣೆಯನ್ನು ತಮ್ಮಿಂದ ದೂರ ಸರಿಸಿದರು. ಸುಪಾರ್ತಿ ತಂದಿಟ್ಟ, ಸೋಯಾ ಕಾಳಿನ ಕರಿದ ತೆಂಪೆ ತಟ್ಟೆಯಲ್ಲೇ ತಣ್ಣಗಾಯಿತು.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ,” ಅಂದರು ಕೊನೆಗೆ.

ಸಂಜೆಯವರೆಗೂ ಅವಳು ಆ ಕಂಪ್ಯೂಟರನ್ನು ಜಾಲಾಡಿದಳು. ಅಲ್ಲಲ್ಲಿ ಮುರಿದ ಸಾಲುಗಳು ಸಿಕ್ಕವು. ‘ಇವತ್ತು ಅಪ್ಪನಿಗೆ’ ಎಂದು ಶುರುವಾಗಿ ಅರ್ಥವಿಲ್ಲದ ಚಿಹ್ನೆಗಳಲ್ಲಿ ಕೊನೆಗೊಳ್ಳುವಂಥವು. ಓದಬಲ್ಲಂಥ ಒಂದು ಬರಹವೂ ಉಳಿದಿರಲಿಲ್ಲ.

ಪ್ರಸೊಜೊ ಅಷ್ಟರಲ್ಲಿ ಹಳೆಯ ಆಜ್ಞೆಗಳನ್ನೇ ವಾಪಸು ತಂದಿದ್ದ. ಅಳಿಸುವುದಕ್ಕೆ ಮಾತ್ರ ಇನ್ನು ಇಡೀ ಪದವನ್ನೇ ಟೈಪು ಮಾಡಬೇಕು, ಮೇಲೆ ಪ್ರಶ್ನೆಗೂ ಉತ್ತರಿಸಬೇಕು. ತಮ್ಮದೂ ಹೋಯಿತೆಂದು ಇನ್ನೂ ಮೂವರು ಬರೆದಿದ್ದರು. ‘ನಾನು ಹೇಳಿರಲಿಲ್ವಾ’ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ ಎಂದು ವಿನಾರ್ನಿಗೆ ಅನ್ನಿಸುತ್ತಿತ್ತು.

ಶನಿವಾರ ಅವಳು ಮತ್ತೆ ಅಂಬಾರಾವಾಕ್ಕೆ ಹೋದಳು.

“ಕೆಲವು ನನಗೆ ಬಾಯಿಪಾಠ ಇವೆ,” ಅಂದರು ಸುಮಾರ್ವೊತೊ. “ನಾನು ಹೇಳ್ತೀನಿ, ನೀನು ಬರ್ಕೋ. ನಿನ್ನ ಮೇಲೆ ಕೋಪ ಹೋಗಿದೆ ಅಂತ ತಿಳ್ಕೋಬೇಡ.”

“ಇಲ್ಲ ಬಪಾಕ್.”

ಮೂರು ಶನಿವಾರ ಹೀಗೇ ನಡೆಯಿತು. ಅಪ್ಪನ ಉಪ್ಪು ಸುರಿದ ಸಾರು, ಕುಪಾಂಗಿನ ಬಿಸಿಲು, ಹೆರಿಗೆ ವಾರ್ಡಿನಲ್ಲಿ ಹಾಡುತ್ತಿದ್ದ ಮುದುಕಿ, ಎಲ್ಲ ಬಂದವು. ಒಂಬತ್ತು ಬರಹಗಳಾದವು, ಅವರ ಕಂಪ್ಯೂಟರಿನಲ್ಲೇ ಟೈಪು ಮಾಡಿಟ್ಟಳು. ಹತ್ತನೆಯದರ ನಡುವೆ ಅವರು ಕೈಯೆತ್ತಿದರು.

“ಈಗ ಹೇಳಿದ್ದನ್ನ ಓದು.”

“‘ಸಮುದ್ರ ನೋಡಿದಾಗೆಲ್ಲ ಅಪ್ಪ ಜೊತೆಗಿದ್ದಿದ್ದರೆ ಇದರ ಆಳ ಎಷ್ಟು ಅಂತ ಹೇಳ್ತಿದ್ದರು ಅನ್ನಿಸುತ್ತೆ.’”

“ಇದು ಅವಳ ಮಾತಲ್ಲ. ನಂದು. ಅವಳು ಹಿಂಗೆ ಅಂದಿರಲಿ ಅಂತ ನಾನೇ ಆಸೆಪಟ್ಟಿದ್ದು. ಹಿಂದಿನವುಗಳಲ್ಲಿ ಇನ್ನೆಷ್ಟು ನನ್ನವು ಸೇರಿದಾವೋ.”

ಆ ದಿನ ಅಲ್ಲಿಗೇ ನಿಲ್ಲಿಸಿದರು. ಮುಂದಿನ ವಾರ ಬಾಗಿಲಲ್ಲೇ ಸುಪಾರ್ತಿ ತಡೆದಳು.

“ಬೇಡ ಅಂತಾನಮ್ಮ. ಮಗಳ ದನಿ ಯಾವುದು, ತನ್ನದು ಯಾವುದು ಅಂತ ತಿಳೀತಿಲ್ವಂತೆ. ಇನ್ನು ಬರಬೇಡಿ.”

ವಿನಾರ್ನಿ ತಲೆಯಾಡಿಸಿ ಮೆಟ್ಟಿಲಿಳಿದಳು. ಗೇಟು ದಾಟುವಾಗ ಒಳಗಿನಿಂದ ಯಂತ್ರದ ದನಿ ಕೇಳಿಸಿತು. ಮುದುಕಿಯ ಹಾಡಿನ ಬರಹವನ್ನು ಏರಿಳಿತವಿಲ್ಲದೆ ಓದುತ್ತಿತ್ತು. ಅರ್ಧಕ್ಕೇ ಅದು ಥಟ್ಟನೆ ನಿಂತಿತು. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು ಕಾದಳು. ಮತ್ತೆ ಶುರುವಾಗಲಿಲ್ಲ.