ಹೊನ್ನವಾಡಿಯ ಮೊದಲ ಬಂಗಾರ

ಹೊನ್ನವಾಡಿಗೆ ಎಪ್ಪತ್ತೈದು ವರ್ಷ ತುಂಬಿದ ಹಬ್ಬ ೧೯೮೭ರ ಮೇ ತಿಂಗಳಲ್ಲಿ. ಅಥಣಿಯಲ್ಲಿ ಅಚ್ಚಾದ ಕಾರ್ಡಿನಲ್ಲಿ ‘ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಬಂಗಾರದ ದರ್ಶನ’ ಎಂದಿತ್ತು. ಕಾರ್ಡು ಹಂಚಿ ಮುಗಿದ ಮೇಲೆ ಹಬ್ಬದ ಕಮಿಟಿಯ ಅಧ್ಯಕ್ಷ ಕಾಕಾಸಾಹೇಬ ಆ ಬಂಗಾರ ಕೇಳಲು ಕಸ್ತೂರೆವ್ವನ ಮನೆಗೆ ಬಂದ.

ಹಿಂದೆ ಈ ಬೀಳುಭೂಮಿಯಲ್ಲಿ ಬಾವಿ ತೋಡುವಾಗ ನಾಲ್ಕು ಹೊನ್ನಿನ ನಾಣ್ಯ ಸಿಕ್ಕವು. ಸುದ್ದಿ ಕೇಳಿ ತೆಲಸಂಗ, ಬೋರಗಾಂವದಿಂದೆಲ್ಲ ಜನ ಗುದ್ದಲಿ ಹೊತ್ತು ಓಡಿ ಬಂದರು. ಎರಡು ವರ್ಷ ಅಗೆದರೂ ಐದನೆಯ ನಾಣ್ಯ ಸಿಗಲಿಲ್ಲ, ನೀರು ಸಿಕ್ಕಿತು. ನೀರು ಬಿಟ್ಟು ಹೋಗುವವರು ಯಾರು? ಕಬ್ಬು ಹಚ್ಚಿ ಊರು ಕಟ್ಟಿದರು. ಆ ನಾಲ್ಕು ನಾಣ್ಯ ಕರಗಿಸಿ ಎರಡು ಗುಂಡು ಮಾಡಿಸಿದರು. ಊರ ಮಗಳು ಯಾರೇ ಇರಲಿ, ಲಗ್ನದ ದಿನ ತಾಳಿಯ ಜೊತೆ ಅವು ಅವಳ ಕೊರಳಲ್ಲಿರಬೇಕು, ಮರುದಿನ ಸೂರ್ಯ ಹುಟ್ಟುವ ತನಕ ಬಿಚ್ಚಬಾರದು ಎಂದು ನೇಮವಾಯಿತು. ನಲವತ್ತು ವರ್ಷದಿಂದ ಅವನ್ನು ಕಾಯುವವಳು ಕಸ್ತೂರೆವ್ವ.

“ಕಾಕೂ, ಗುಂಡು ಕೊಡ್ರಿ. ಕಾಚಿನ ಪೆಟ್ಟಿಗಿ ಮಾಡ್ಸೇನಿ, ಸ್ಟೇಜಿನ ಮ್ಯಾಲ ಇಡೂನು.”

“ಅವತ್ತ ಹನ್ನೊಂದಕ್ಕ ಚನ್ನವ್ವನ ಲಗ್ನ ಐತೆಲ್ಲೋ ತಮ್ಮಾ.”

ಚನ್ನವ್ವ ಬಾವಿ ತೋಡುವ ಮುರಗೆಪ್ಪನ ಮಗಳು.

“ಅಕಿಗಿ ಬ್ಯಾರೆ ಬಂಗಾರ ನಾನ ಕೊಡಸ್ತೇನ್ರಿ.”

“ನಿಮ್ಮಕ್ಕ ಕಮಲಾಬಾಯಿ ಲಗ್ನದಾಗ ಬ್ಯಾರೆ ಬಂಗಾರ ನಡೀತಿತ್ತೇನ? ಗುಂಡು ತಡಾ ಆತಂತ ನಿಮ್ಮಪ್ಪ ಇಲ್ಲೀತನಕ ಓಡಿ ಬಂದಿದ್ದ. ತಲೀ ಪಟಗಾ ಬಿಚ್ಚಿ ಬಿದ್ದದ್ದೂ ಖಬರ ಇರ್ಲಿಲ್ಲ ಅಂವಗ.”

“ಅವರೂ ನಾವೂ ಒಂದ ಏನ್ರಿ?”

“ನಿಮ್ಮಕ್ಕನ ಕೊಳ್ಳಿಗಿ ಬರೂಕಿಂತ ಮೊದಲ ಇವು ಯಾರ್ಯಾರ ಕೊಳ್ಳಾಗ ಆಡಿ ಬಂದಾವ, ಹೆಸರ ಹಿಡದ ಹೇಳ್ಲೇನ?”

ಕಾಕಾಸಾಹೇಬ ಚಹಾ ಕುಡಿಯದೆ ಎದ್ದು ಹೋದ.

ಮರುದಿನ ಮುರಗೆಪ್ಪನೇ ಬಂದು ಹೊಸ್ತಿಲ ಹೊರಗೆ ಕುಳಿತ. “ಗುಂಡು ಬ್ಯಾಡ ಬಿಡ್ರಿ ಎವ್ವಾ. ದೊಡ್ಡ ಮಂದೀನ ಎದುರ ಹಾಕ್ಕೊಂಡ ಹ್ಯಾಂಗ ಬಾಳೂದ್ರಿ?”

“ನೀ ಮೊದಲ ಹಂದರ ಹಾಕೋ. ಬಾಳೂ ಮಾತ ಆಮ್ಯಾಲ.”

ಹಬ್ಬದ ದಿನ ಹನ್ನೊಂದಕ್ಕೆ ಸರಿಯಾಗಿ ಕಸ್ತೂರೆವ್ವ ಅರಿಶಿಣದ ದಾರಕ್ಕೆ ಗುಂಡು ಪೋಣಿಸಿ ಚನ್ನವ್ವನ ಕೊರಳಿಗೆ ಕಟ್ಟಿದಳು. ಅಕ್ಷತೆ ಬಿತ್ತು. ಅದೇ ಹೊತ್ತಿಗೆ ಕಾಕಾಸಾಹೇಬ ಬೆವರು ಒರೆಸಿಕೊಳ್ಳುತ್ತ ಹಂದರದೊಳಗೆ ನುಗ್ಗಿದ.

“ಕಾಕೂ, ಡಿ.ಸಿ. ಸಾಹೇಬ್ರು ಬಂದ ಸ್ಟೇಜಿನ ಮ್ಯಾಲ ಕುಂತಾರ. ಖಾಲಿ ಪೆಟ್ಟಿಗಿ ತೋರಸ್ಲೇನ್ರಿ? ಐದ ಮಿನಿಟ ಬಿಚ್ಚಿ ಕೊಡ್ರಿ.”

ಚನ್ನವ್ವನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಕಸ್ತೂರೆವ್ವ ಆ ಕೈ ಹಿಡಿದು ಕೆಳಗಿಳಿಸಿದಳು.

“ಕಾರ್ಡಿನಾಗ ಏನ ಬರಸೀ ತಮ್ಮಾ? ದರ್ಶನ ಅಂತ ಹೌದಲ್ಲೋ? ದರ್ಶನಕ್ಕ ಮಂದಿ ಗುಡಿಗಿ ಹೋಗ್ತೈತೋ, ದೇವರ ಮಂದಿ ಮನಿಗಿ ಬರ್ತಾನೋ?”

ಬೀಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಕಾಸಾಹೇಬ ಒಂದು ಗಳಿಗೆ ಚನ್ನವ್ವನ ಕೊರಳನ್ನೇ ನೋಡಿದ, ಆಮೇಲೆ ಬಂದ ದಾರಿಯಲ್ಲೇ ಹೊರಟ. ಸ್ವಲ್ಪ ಹೊತ್ತಿಗೆ ಸ್ಟೇಜಿನ ಭೋಂಗಾದಲ್ಲಿ ಅವನ ದನಿ ಕೇಳಿತು: “ಮೊದಲ ಬಂಗಾರದ ದರ್ಶನ ಮುರಗೆಪ್ಪನ ಹಂದರದಾಗ ಐತ್ರಿ. ಎಲ್ಲಾರೂ ಸಾಲಾಗಿ ಬರ್ರಿ.”

“ಎವ್ವಾ, ನಾ ಮಾಡ್ಸಿದ್ದು ಎರಡ ಹಂಡೆ ಹುಗ್ಗಿ!” ಮುರಗೆಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ.

“ಹಬ್ಬದ ಕಮಿಟಿ ಅಡಗಿ ಕಾಕಾಸಾಹೇಬ ಇಲ್ಲೇ ತರಸ್ತಾನ ತಡಿ, ಅಂವಗ ಬ್ಯಾರೆ ದಾರಿ ಎಲ್ಲೈತಿ?”

ಸಾಹೇಬರು ಮೊದಲು ಬಂದರು, ಬೂಟು ಹೊರಗೆ ಬಿಟ್ಟು. ಚನ್ನವ್ವ ನಾಚಿ ಮುಖ ತಗ್ಗಿಸಿದಾಗ ಗುಂಡು ಸೆರಗಿನಲ್ಲಿ ಮರೆಯಾದವು.

ಕಸ್ತೂರೆವ್ವ ಅವಳ ಗದ್ದಕ್ಕೆ ಬೆರಳು ಕೊಟ್ಟಳು. “ತಲಿ ಎತ್ತಬೇ. ಊರಿಗಿ ಊರ ನೋಡಾಕ ಬಂದೈತಿ.”