ಹದಿನಾಲ್ಕು ಇಂಚಿನ ತೋಳು

ನಾನು ದರ್ಜಿಯ ಟೇಪು. ಅರವತ್ತು ಇಂಚು ಉದ್ದ, ಬೆರಳಿನಷ್ಟು ಅಗಲ, ಎರಡೂ ತುದಿಗೆ ಹಿತ್ತಾಳೆಯ ತಗಡು. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ನೆನಪಿರುವುದು ಇಷ್ಟೇ: ಉದ್ದಾನುದ್ದ ಬಟ್ಟೆಗೆ ಹಳದಿ ಬಣ್ಣ ಬಳಿದರು, ಬಿಸಿ ಗಾಳಿಯಲ್ಲಿ ಒಣಗಿಸಿದರು, ಕರಿ ಮಸಿ ಮೆತ್ತಿದ ಉರುಳೆಯೊಂದು ನನ್ನ ಬೆನ್ನ ಮೇಲೆ ಹಾದುಹೋಯಿತು. ಅಷ್ಟಾದ ಮೇಲೆ ನನ್ನ ಮೈಮೇಲೆ ಒಂದರಿಂದ ಅರವತ್ತರವರೆಗೆ ಅಂಕಿಗಳಿದ್ದವು. ಬೇರೆ ಯಾವ ಮಾತನ್ನೂ ನನಗೆ ಕಲಿಸಲಿಲ್ಲ. ಮನುಷ್ಯರ ನಡುವೆ ಇಷ್ಟು ವರ್ಷ ಕಳೆದ ಮೇಲೆ, ಕಲಿಸದೇ ಬಿಟ್ಟದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ನನ್ನನ್ನು ಮೊದಲು ಕೊಂಡವನು ಬೆಟಗೇರಿಯ ಮಾಬುಸಾಬ. ಪೊಲೀಸರಿಗೆ, ಹೋಂಗಾರ್ಡಿನವರಿಗೆ ಯೂನಿಫಾರ್ಮು ಹೊಲಿಯುವವನು. ಅಲ್ಲಿ ನನ್ನ ಕೆಲಸವೆಲ್ಲ ಎದೆ, ಸೊಂಟ, ಭುಜ. ಗಂಡಸರು ನನ್ನನ್ನು ಕಂಡ ಕೂಡಲೇ ಎದೆ ಉಬ್ಬಿಸುತ್ತಿದ್ದರು, ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. "ಉಸುರು ಬಿಡ್ರಿ ಸಾಹೇಬ್ರ, ನಾಳೆ ಊಟ ಮಾಡಿದಾಗೂ ಗುಂಡಿ ಹತ್ತಬೇಕಲ್ಲ," ಎನ್ನುತ್ತಿದ್ದ ಮಾಬುಸಾಬ. ಅವರು ಉಸಿರು ಬಿಡುತ್ತಿದ್ದರು, ಹೊಟ್ಟೆ ತನ್ನ ಜಾಗಕ್ಕೆ ಬರುತ್ತಿತ್ತು, ಮಾಬುಸಾಬ ಇದ್ದ ಅಂಕಿಯನ್ನು ಇದ್ದ ಹಾಗೆ ಗಟ್ಟಿಯಾಗಿ ಕೂಗುತ್ತಿದ್ದ. ಮೂವತ್ತೆಂಟು, ನಲವತ್ತು, ನಲವತ್ತೆರಡು. ಯಾರಿಗೂ ಬೇಜಾರಿರಲಿಲ್ಲ. ನನಗೂ ಆಗ ದಣಿವು ಎಂದರೇನೆಂದು ಗೊತ್ತಿರಲಿಲ್ಲ.

ಅವನ ಕಣ್ಣಿಗೆ ಪೊರೆ ಬಂದಿತು. ಸೂಜಿಯ ತೂತು ಕಾಣದಾದಾಗ ಮಷೀನನ್ನೂ ಕತ್ತರಿಯನ್ನೂ ನನ್ನನ್ನೂ ಕಸ್ತೂರಕ್ಕನಿಗೆ ಒಪ್ಪಿಸಿಬಿಟ್ಟ. ಕಸ್ತೂರಕ್ಕ ಅವನ ಹತ್ತಿರವೇ ಹುಕ್ಕು ಹಚ್ಚುತ್ತ, ಗುಂಡಿಗೆ ಕಾಜಾ ಮಾಡುತ್ತ ಕೆಲಸ ಕಲಿತವಳು. ಸ್ಟೇಡಿಯಂ ರಸ್ತೆಯಲ್ಲಿ ಒಂದು ಕೋಣೆಯ ಅಂಗಡಿ ಹಿಡಿದು ಹೆಂಗಸರ ಜಂಪರ್ ಹೊಲಿಯತೊಡಗಿದಳು. ನಮ್ಮ ಕಡೆ ರವಿಕೆಗೆ ಜಂಪರ್ ಎನ್ನುತ್ತಾರೆ.

ಕಸ್ತೂರಕ್ಕನಿಗೆ ಒಂದು ಅಭ್ಯಾಸವಿತ್ತು. ಸೊಂಟಕ್ಕೆ ನನ್ನನ್ನು ಸುತ್ತುತ್ತಿದ್ದಳು, ಮೂವತ್ತೆಂಟು ಕಾಣುತ್ತಿತ್ತು, ಬಾಯಲ್ಲಿ "ಮೂವತ್ತಾರು" ಎನ್ನುತ್ತಿದ್ದಳು. ಆಮೇಲೆ ಆ ಕಡೆ ತಿರುಗಿ ಅಳತೆ ಬರೆಯುವ ವಹಿಯಲ್ಲಿ ಮೂವತ್ತೆಂಟು ಎಂದೇ ಬರೆದುಕೊಳ್ಳುತ್ತಿದ್ದಳು. ಹೆಂಗಸರು ಹಗುರವಾಗಿ ಮೆಟ್ಟಿಲಿಳಿದು ಹೋಗುತ್ತಿದ್ದರು, ಜಂಪರ್ ಸರಿಯಾಗಿ ಕೂಡುತ್ತಿತ್ತು. ಮೊದಮೊದಲು ನನಗೆ ಸಿಟ್ಟು ಬಂದಿತು. ನನ್ನ ಮೈಮೇಲಿನ ಅಂಕಿಗೆ ಏನು ಬೆಲೆ ಉಳಿಯಿತು? ಬರುಬರುತ್ತ ಸಿಟ್ಟು ಹೋಗಿ ಸುಸ್ತು ಉಳಿಯಿತು. ಅಂಗಡಿಗೆ ಬಂದ ಹೆಂಗಸರಲ್ಲಿ ತಮ್ಮ ಮೈಯ ಬಗ್ಗೆ ತಪ್ಪೊಪ್ಪಿಗೆ ಹೇಳದವರು ಒಬ್ಬರೂ ಇರಲಿಲ್ಲ. ದಪ್ಪಗಿದ್ದವರು ದಪ್ಪಗಾದದ್ದಕ್ಕೆ, ಸಣಕಲಿದ್ದವರು ಮೈ ಹಿಡಿಯದ್ದಕ್ಕೆ. ನಾನು ಎಲ್ಲರನ್ನೂ ಸುತ್ತಿ ಬಂದಿದ್ದೇನೆ, ಎಲ್ಲರೂ ಬೆಚ್ಚಗೇ ಇದ್ದರು.

ಒಂದು ದಿನ ನೀಲವ್ವ ಎಂಬ ಹೆಂಗಸು ಸೀರೆಯ ಸೆರಗಿನಲ್ಲಿ ಹಳೆಯ ಜಂಪರೊಂದನ್ನು ಸುತ್ತಿಕೊಂಡು ಬಂದಳು. ಕಟ್ಟಡಗಳಲ್ಲಿ ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಬುಟ್ಟಿ ಕೈಯಿಂದ ಕೈಗೆ ದಾಟಿಸುವ ಕೂಲಿ ಅವಳದು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಸಣ್ಣ ಮಗಳು ಭುವನಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ, ಇದೇ ಅವಳ ಅಳತೆಯ ಜಂಪರ್, ಇದರಂತೆ ಹೊಲಿದುಕೊಡು ಎಂದಳು. ಕಸ್ತೂರಕ್ಕ ಆ ಜಂಪರ್ ಮೇಲೆ ನನ್ನನ್ನು ಹಾಸಿ ಅಳೆದಳು. ತೋಳಿನ ಸುತ್ತು ಹತ್ತೂವರೆ.

ಅದು ಭುವನಾಳದಲ್ಲ, ಮದುವೆಯಾಗಿ ಹೋದ ಅವಳ ಅಕ್ಕನದು. ಮಗಳನ್ನು ನಾಲ್ಕು ಹೆಂಗಸರ ಮುಂದೆ ಅಳತೆಗೆ ನಿಲ್ಲಿಸುವುದು ನೀಲವ್ವನಿಗೆ ಬೇಡವಾಗಿತ್ತು. ಹೊಲಿದ ಜಂಪರ್ ಮಾರನೆಯ ದಿನವೇ ವಾಪಸು ಬಂದಿತು. ತೋಳು ಮೊಣಕೈ ದಾಟಿ ಅಲ್ಲೇ ಸಿಕ್ಕಿಬಿದ್ದು, ಎಳೆದಾಗ ಹೊಲಿಗೆಯುದ್ದಕ್ಕೂ ಹರಿದಿತ್ತು. ಹಿಂದೆಯೇ ಭುವನಾ ಬಂದಳು.

ಆ ಹುಡುಗಿ ದಿನಾ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಸ್ಟೇಡಿಯಮ್ಮಿಗೆ ಹೋಗುವುದನ್ನು ನಾನು ಕಸ್ತೂರಕ್ಕನ ಕೊರಳಿನಿಂದ ನೋಡಿದ್ದೆ. ಭಾರ ಎತ್ತುವವಳು. ದೀಪಾವಳಿಗೆ ಮುಂಚೆ ನಡೆಯಲಿದ್ದ ರಾಜ್ಯಮಟ್ಟದ ಸ್ಪರ್ಧೆಗೆ ತಯಾರಾಗುತ್ತಿದ್ದಳು. ತೋಳಿಲ್ಲದ ಬನಿಯನ್ನಿನಲ್ಲಿ ಬಂದು ಕೈ ಚಾಚಿ ನಿಂತಳು. ಕಸ್ತೂರಕ್ಕ ನನ್ನನ್ನು ಸುತ್ತಿದಳು. ನನಗೆ ಪೊಲೀಸರ ತೋಳು ನೆನಪಾಯಿತು, ಆದರೆ ಇದು ಬೇರೆ. ಅವರದು ತಿಂದು ಬಂದದ್ದು, ಇವಳದು ದುಡಿದು ಬಂದದ್ದು. ಚರ್ಮದ ಕೆಳಗೆ ಒಂದು ಎಳೆಯೂ ಸುಮ್ಮನೆ ಕೂತಿರಲಿಲ್ಲ.

"ಹದಿಮೂರು," ಎಂದಳು ಕಸ್ತೂರಕ್ಕ, ಅಭ್ಯಾಸದಂತೆ.

ಭುವನಾ ಬಗ್ಗಿ ನನ್ನನ್ನು ನೋಡಿದಳು. "ಹದಿನಾಲ್ಕು ಐತಿ ಅಕ್ಕಾರ. ಖರೇ ಹೇಳ್ರಿ. ಒಂದ ಇಂಚ ಆಗೂದಕ್ಕ ನನಗ ವರ್ಷ ಹಿಡದೇತಿ."

ನನ್ನ ಜನ್ಮದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಹಿಗ್ಗಿದೆ ಎಂದರೆ ಟೇಪಿಗೆ ಅದು ಒಳ್ಳೆಯ ಮಾತಲ್ಲ, ಆದರೂ ಹಿಗ್ಗಿದೆ.

ಅವಳು ಹೋದಮೇಲೆ ಅಂಗಡಿಯಲ್ಲಿ ಶುರುವಾಯಿತು. ಕಿಟಕಿಯ ಬಳಿ ಕೂತಿದ್ದ ಶಾಲೆಯ ಟೀಚರು, "ಹೆಣಮಕ್ಕಳಂದ್ರ ಕೈ ಮೆತ್ತಗ ಇರಬೇಕು ನೋಡ್ರಿ. ಇದೇನ ಗಣಮಕ್ಕಳ ರಟ್ಟಿ ಆದಂಗ ಆಗೇತಿ," ಎಂದರು. ಡೈರಿಗೆ ಹಾಲು ಹಾಕುವ ಹೆಂಗಸು ಒಪ್ಪಲಿಲ್ಲ. "ನನಗೇನ ಚಂದ ಕಂಡಳವಾ. ಎಣ್ಣಿ ಹಚ್ಚಿದ ಕಂಬದಂಗ ಅದಾಳ. ನನಗ ಅಂಥಾ ಕೈ ಇದ್ದಿದ್ರ ನಮ್ಮ ಮನಿಯವರು ಅರ್ಧ ಮಾತ ಕಡಿಮಿ ಆಡ್ತಿದ್ರು," ಎಂದಳು. ಎಲ್ಲರೂ ನಕ್ಕರು. ಚಹಾ ಕುಡಿಯಲು ಬಂದಿದ್ದ ಮಾಬುಸಾಬ ದಪ್ಪ ಕನ್ನಡಕದೊಳಗಿಂದ, "ಜಂಪರ್ ಹರದದ್ದು ಜಂಪರಿನ ತಪ್ಪ. ಅಳತಿ ಮೈಗೆ ತಗೋಬೇಕು, ಬಟ್ಟಿಗೆ ಅಲ್ಲ," ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಗಂಡಿನ ಕಡೆಯವರು ಬಂದು ಹೋದರು. ಗಂಡು ಶಿವಪುತ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಏನೂ ಮಾತಾಡಲಿಲ್ಲವಂತೆ. ಮಾತಾಡಿದವಳು ಅವನ ಅಕ್ಕ. ಹುಡುಗಿ ಮುಖದಲ್ಲಿ ಲಕ್ಷಣವಾಗಿದ್ದಾಳೆ, ತೋಳೊಂದು ಇಳಿಸಿದರೆ ಆಯಿತು. ಫೋಟೋದಲ್ಲಿ ತಮ್ಮನೇ ಸಣ್ಣವನಾಗಿ ಕಾಣುತ್ತಾನೆ. ಎರಡು ತಿಂಗಳು ಕಬ್ಬಿಣ ಮುಟ್ಟದಿರಲಿ, ಇಳಿದ ಮೇಲೆ ಮದುವೆಯ ತಾರೀಖು ಗೊತ್ತು ಮಾಡೋಣ ಎಂದಳಂತೆ. ನೀಲವ್ವ ಹೂಂ ಎಂದು ತಲೆ ಆಡಿಸಿದಳು. ತಾನು ಸ್ಲ್ಯಾಬಿನ ಮೇಲೆ ಬೀಳುವ ಮುಂಚೆ ಮಗಳು ಒಂದು ನೆರಳು ಸೇರಲಿ ಎಂಬುದೊಂದೇ ಅವಳ ಆಸೆ, ಅದರಲ್ಲಿ ತಪ್ಪೇನೂ ಇಲ್ಲ.

ಮರುದಿನದಿಂದ ಸ್ಟೇಡಿಯಂ ರಸ್ತೆಯಲ್ಲಿ ಆ ಚೀಲ ಕಾಣಲಿಲ್ಲ. ರಾಜ್ಯಮಟ್ಟದ ಸ್ಪರ್ಧೆ ಹತ್ತಿರ ಬರುತ್ತಿತ್ತು. ತರಬೇತಿಯವರು ಎರಡು ಸಲ ನೀಲವ್ವನ ಮನೆಗೆ ಹೋಗಿ ಬಂದರಂತೆ, ನೀಲವ್ವ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳಂತೆ. ಆದರೆ ಅಂಗಡಿಯಲ್ಲಿ ಭುವನಾಳ ತೋಳಿನ ಮಾತು ನಿಲ್ಲಲಿಲ್ಲ. ಜಂಪರ್ ಹೊಲಿಸಲು ಬಂದವರು, ಸೀರೆಗೆ ಫಾಲ್ ಹಚ್ಚಿಸಲು ಬಂದವರು, ಸುಮ್ಮನೆ ಕೂಡಲು ಬಂದವರು, ಎಲ್ಲರಿಗೂ ಅದರ ಬಗ್ಗೆ ಒಂದು ಅಭಿಪ್ರಾಯ ಇತ್ತು. ಚಂದ ಎಂದವರು ಅದನ್ನು ತಮ್ಮದೇ ಆಸ್ತಿಯಂತೆ ಹೊಗಳಿದರು, ಅಸಹ್ಯ ಎಂದವರು ತಮ್ಮ ಮನೆಗೇ ಅವಮಾನವಾದಂತೆ ಮೂಗು ಮುರಿದರು. ಒಬ್ಬ ಹೊಸ ಮದುವಣಗಿತ್ತಿ ಮಾತ್ರ ಅಳತೆ ಕೊಡುವಾಗ ತನ್ನ ಸಣ್ಣ ತೋಳನ್ನು ತಾನೇ ಹಿಂಡಿಕೊಂಡು, "ಆಕಿ ಏನ ತಿಂತಾಳಂತ ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು. ತೋಳಿನ ಒಡತಿಗೆ ಏನನ್ನಿಸುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅವರ ಮಾತು ಕೇಳಿ ಕೇಳಿ ನನ್ನ ಮೈಯ ಬಣ್ಣ ಉದುರತೊಡಗಿತು.

ಎರಡು ತಿಂಗಳಿಗೆ ತಾಯಿ ಮಗಳು ಇಬ್ಬರೂ ಬಂದರು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನೀಲವ್ವ ಅವತ್ತು ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು, ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟಿತ್ತು. "ಅಳದು ನೋಡವಾ ಕಸ್ತೂರಾ. ಇಳದಿದ್ರ ಬೀಗರಿಗೆ ಹೇಳಿ ಕಳಸ್ತೀನಿ, ಮದವಿ ಜಂಪರೂ ಕತ್ತರಿಸಿಬಿಡು," ಎಂದಳು.

ಭುವನಾ ನಿಂತಳು. ಮೊದಲ ದಿನದಂತೆ ಕೈ ಚಾಚಲಿಲ್ಲ, ಕಸ್ತೂರಕ್ಕನೇ ಎತ್ತಿ ಹಿಡಿಯಬೇಕಾಯಿತು. ನಾನು ಸುತ್ತಿದೆ. ಅದೇ ತೋಳು, ಆದರೆ ಒಳಗಿನವರು ಮನೆ ಖಾಲಿ ಮಾಡಿದ ಹಾಗಿತ್ತು. ಹದಿಮೂರು. ಒಂದು ಕೂದಲೆಳೆಯೂ ಹೆಚ್ಚಿಲ್ಲ. ಒಂದು ವರ್ಷದ ದುಡಿಮೆ ಎರಡು ತಿಂಗಳಲ್ಲಿ ಕರಗಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ, ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರು ನೋಡುತ್ತಿದ್ದಳು. ನನಗೆ ಬಹಳ ಸಂಕಟವಾಯಿತು.

"ಎಷ್ಟಾತು?" ನೀಲವ್ವ ಕೇಳಿದಳು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ.

ಕಸ್ತೂರಕ್ಕ ಒಮ್ಮೆ ಹುಡುಗಿಯ ಮುಖ ನೋಡಿದಳು. ಇಷ್ಟು ವರ್ಷ ಇದ್ದದ್ದಕ್ಕಿಂತ ಕಡಿಮೆ ಹೇಳಿಯೇ ಗೊತ್ತಿದ್ದವಳು, ಅವತ್ತು, "ಹದಿನಾಲ್ಕು. ಕಾಲ ಇಂಚೂ ಇಳದಿಲ್ಲಬೇ," ಎಂದಳು.

ಭುವನಾ ತಟ್ಟನೆ ತಿರುಗಿ ನನ್ನನ್ನು ನೋಡಿದಳು. ಹದಿಮೂರು ಎಂಬುದು ಅವಳಿಗೆ ಕಂಡಿತು. ಖರೇ ಹೇಳ್ರಿ ಎಂದಿದ್ದ ಹುಡುಗಿ ಈ ಸಲ ತುಟಿ ಬಿಗಿದುಕೊಂಡು ಸುಮ್ಮನಿದ್ದಳು. ನಾನು ಏನು ಮಾಡಲಿ, ನನಗೆ ಬಾಯಿಲ್ಲ. ಇದ್ದಿದ್ದರೂ ಅವತ್ತು ತೆರೆಯುತ್ತಿರಲಿಲ್ಲ.

"ಕಣ್ಣಿಗೆ ಇಳದಂಗ ಕಾಣಾಕತ್ತಿತ್ತಲ್ಲ," ಎಂದಳು ನೀಲವ್ವ. "ನಿನ್ನ ಟೇಪ್ ಸರಿ ಐತೇನ? ಎಲ್ಲಿ, ನನಗ ಹಾಕು ನೋಡೂಣು."

ಜಂಪರಿನ ತೋಳನ್ನು ಮೇಲೆ ಸರಿಸಿ ತನ್ನ ಬಲಗೈ ಮುಂದೆ ಮಾಡಿದಳು. ಅವಳು ಯಾವತ್ತೂ ಮೈಗೆ ಅಳತೆ ಕೊಟ್ಟವಳಲ್ಲ. ಮದುವೆಯಲ್ಲಿ ಹೊಲಿಸಿದ ಜಂಪರಿನ ಅಳತೆಯೇ ಅವಳ ಅಳತೆ, ಬಿಗಿಯಾದರೆ ಬದಿಯ ಹೊಲಿಗೆ ಬಿಚ್ಚಿಕೊಂಡವಳು. ಕಸ್ತೂರಕ್ಕ ನನ್ನನ್ನು ಸುತ್ತಿದಳು. ಬಿಸಿಲು ತಿಂದು ಒರಟಾದ ಚರ್ಮ, ಅದರ ಕೆಳಗೆ ಹುರಿ ಮಾಡಿಟ್ಟ ಹಗ್ಗದಂಥ ಗಟ್ಟಿ. ಇಪ್ಪತ್ತೈದು ವರ್ಷ ಸಾವಿರಾರು ಬುಟ್ಟಿ ಮೇಲಕ್ಕೆ ದಾಟಿಸಿದ ತೋಳು. ಕಸ್ತೂರಕ್ಕ ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಹದಿನಾಲ್ಕು," ಎಂದಳು. ಇದು ಖರೇ.

"ನಂದೂ ಹದಿನಾಲ್ಕ?"

"ದೇವರಾಣಿಗೂ ಹದಿನಾಲ್ಕಬೇ."

ನೀಲವ್ವ ಸ್ಟೂಲಿನ ಮೇಲೆ ಕೂತಳು. ಮಗಳ ತೋಳನ್ನೂ ತನ್ನ ತೋಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಳು. ಬಣ್ಣ ಬೇರೆ, ಉಳಿದದ್ದು ಅಷ್ಟೇನೂ ಬೇರೆ ಇರಲಿಲ್ಲ. "ನಾ ಯಾವ ಕಬ್ಬಿಣ ಎತ್ತೀನಿ," ಎಂದಳು. "ಈ ಕೈ ಚಂದ ಇಲ್ಲಂತ ನನಗ ಯಾರೂ ಅಂದಿಲ್ಲ. ಚಂದ ಐತಿ ಅಂತಾನೂ ಅಂದಿಲ್ಲ. ಬುಟ್ಟಿ ಬಂತೋ ಇಲ್ಲೋ, ಅಷ್ಟ ನೋಡ್ತಿದ್ರು." ಮಗಳ ಕೈ ಹಿಡಿದುಕೊಂಡೇ ಎದ್ದಳು. "ಇಳಿಯೂದಿಲ್ಲ ಅಂತ ಹೇಳ್ತೀನಿ ಅವರಿಗೆ. ನಮ್ಮ ಮನಿ ತೋಳ ಹಿಂಗ ಅಂತ. ನಡಿ. ನಾಳೆ ಮುಂಜಾನೆ ಚೀಲ ತಗೊಂಡು ಸ್ಟೇಡಿಯಮ್ಮಿಗೆ ಹೋಗು."

ಭುವನಾ ಅಳುತ್ತಿದ್ದಳು. ಸಂತೋಷವೋ, ತಾಯಿಗೆ ಸುಳ್ಳು ನುಂಗಿಸಿದ ನಾಚಿಕೆಯೋ, ನನಗೆ ತಿಳಿಯಲಿಲ್ಲ. ಕಸ್ತೂರಕ್ಕ ಅವತ್ತು ವಹಿಯಲ್ಲಿ ಏನೂ ಬರೆಯಲಿಲ್ಲ.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಗಂಡಿನ ಕಡೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಸುಮ್ಮನೆ ಬೇರೆ ಹುಡುಗಿ ನೋಡಿದರು. ರಾಜ್ಯಮಟ್ಟದಲ್ಲಿ ಭುವನಾ ಐದನೆಯವಳಾದಳು. ಬಿಟ್ಟ ಎರಡು ತಿಂಗಳು ಅಷ್ಟು ಸುಲಭಕ್ಕೆ ವಾಪಸು ಬರುವುದಿಲ್ಲ. ಅಂಗಡಿಯಲ್ಲಿ ಟೀಚರು ತಮ್ಮ ಅಭಿಪ್ರಾಯ ಬದಲಿಸಲಿಲ್ಲ, ಡೈರಿಯ ಹೆಂಗಸೂ ಬದಲಿಸಲಿಲ್ಲ. ಆದರೂ ಬೆಳಿಗ್ಗೆ ಆ ಚೀಲ ಮತ್ತೆ ಬಾಗಿಲ ಮುಂದೆ ಹಾದುಹೋಗತೊಡಗಿತು. ಈ ವರ್ಷ ಅವಳು ಮೂರನೆಯವಳಾಗಿದ್ದಾಳೆಂದು ಕೇಳಿದ್ದೇನೆ.

ಈಗ ನನಗೆ ವಯಸ್ಸಾಗಿದೆ. ಒಂದು ತುದಿಯ ತಗಡು ಬಿದ್ದುಹೋಗಿದೆ, ಮೊದಲ ಏಳು ಅಂಕಿಗಳು ಅಳಿಸಿವೆ, ಎಳೆದು ಎಳೆದು ಅರ್ಧ ಇಂಚು ಸಡಿಲಾಗಿದ್ದೇನೆ. ಕಸ್ತೂರಕ್ಕ ಪ್ಲಾಸ್ಟಿಕ್ಕಿನ ಹೊಸ ಟೇಪು ತಂದಿದ್ದಾಳೆ. ನನ್ನನ್ನು ಚೂರುಬಟ್ಟೆಯ ಗಂಟಿಗೆ ಸುತ್ತಿ ಮಷೀನಿನ ಕೆಳಗೆ ಇಟ್ಟಿದ್ದಾಳೆ. ಇಲ್ಲಿಂದ ಪಾದಗಳು ಮಾತ್ರ ಕಾಣುತ್ತವೆ, ಮಾತು ಎಲ್ಲ ಕೇಳುತ್ತದೆ. ಇವತ್ತೂ ಅದೇ ಮಾತು: ಯಾರ ಸೊಂಟ ಚಂದ, ಯಾರ ತೋಳು ಹೆಣ್ಣಿನ ತೋಳು, ಯಾರದಲ್ಲ. ಕೇಳುವ ತ್ರಾಣ ನನಗೆ ಉಳಿದಿಲ್ಲ.

ಬದುಕಿನಲ್ಲಿ ನಾನು ಯಾವ ಮೈಯ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡವನಲ್ಲ, ಅದು ನನ್ನ ಕೆಲಸವಲ್ಲ. ಆದರೆ ಆ ಮಧ್ಯಾಹ್ನ ನೀಲವ್ವನ ತೋಳನ್ನು ಸುತ್ತಿ ಹಿಡಿದದ್ದು ಒಂದೆರಡು ಗಳಿಗೆ ಮಾತ್ರ, ಬಿಡಲು ಮನಸ್ಸಾಗಿರಲಿಲ್ಲ. ಅದು ಚಂದವೋ ಅಲ್ಲವೋ ಎಂದು ಇವತ್ತಿಗೂ ಯಾರೂ ಕೇಳಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.