ಏಳು ಅಪ್ಪಂದಿರು, ಎಣಿಸದ ಅಮ್ಮಂದಿರು

ಗುರುವಾರ. ಸತ್ತವರಿಗೆ ಎಣ್ಣೆಯ ಘಮ ಮುಟ್ಟಲೆಂದು ಬತ್ಮಾ ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು. ಮೊಮ್ಮಗ ತಿಲೆಕ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ನಾಲ್ಕು ವರ್ಷದ ಕೂಸು. ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟುತ್ತಿರಲಿಲ್ಲ. ತಿಂಗಳು ತಿಂಗಳೂ ನರಿನ್ ಪಟ್ಟಣಕ್ಕೆ ಹೊತ್ತೊಯ್ದು ಬೇರೆಯವರ ರಕ್ತ ಹಾಕಿಸಿ ಉಳಿಸಿಕೊಂಡಿದ್ದರು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದ ತಿಂಗಳು ಉಳಿಸಿಕೊಳ್ಳಲಾಗಲಿಲ್ಲ.

ಅಂದಿನಿಂದ ಬತ್ಮಾಳ ಬಾಯಿಗೆ ಸಿಕ್ಕವಳು ಸೊಸೆ ಬುರುಲ್. ಹೊರಗಿನವಳಲ್ಲ, ಬತ್ಮಾಳ ಸ್ವಂತ ತಮ್ಮನ ಮಗಳೇ. ಆದರೂ "ನಿನ್ನ ಹೊಟ್ಟೆಯ ದೋಷ" ಎಂದು ಬತ್ಮಾ ದಿನವೂ ಚುಚ್ಚುತ್ತಿದ್ದಳು. ಹಾಗೆ ಚುಚ್ಚದಿದ್ದರೆ ಅವಳಿಗೆ ತನ್ನ ಅಳುವನ್ನು ತಡೆಯಲಾಗುತ್ತಿರಲಿಲ್ಲ.

ಚಹಾಕ್ಕೆ ಬಂದ ಊರಿನ ನರ್ಸ್ ಕಲಿಮಾಳ ಕೈ ಹಿಡಿದು ಬುರುಲ್ ಅತ್ತಳು.

"ಅಕ್ಕಾ, ನೀವಾದ್ರೂ ಹೇಳಿ. ನಾಳೆ ಅತ್ತೆ ನನ್ನ ತಂಗಿಗೆ ಓಲೆ ತೊಡಿಸಿ ನಿಶ್ಚಯ ಮಾಡೋಕೆ ಹೊರಟಿದ್ದಾರೆ. ಮೈದುನನಿಗೆ ತಂದ್ಕೋತಾರಂತೆ."

"ಅದರಲ್ಲೇನಿದೆ ತಪ್ಪು?" ಎಂದಳು ಬತ್ಮಾ. "ಎರಡೂ ಕಡೆ ಏಳು ತಲೆ ಅಪ್ಪಂದಿರನ್ನ ಎಣಿಸಿದ್ದೀನಿ. ಒಂದು ಹೆಸರೂ ಕೂಡಲ್ಲ. ಈ ಮನೆ ಕುಲ ಬೇರೆ, ನನ್ನ ತವರಿನ ಕುಲ ಬೇರೆ."

"ಅಮ್ಮಂದಿರನ್ನ ಎಣಿಸಿದ್ರಾ ಬತ್ಮಾ ಅಕ್ಕ?" ಎಂದಳು ಕಲಿಮಾ.

"ಹೆಂಗಸರನ್ನ ಯಾರಾದ್ರೂ ಎಣಿಸ್ತಾರೇನೇ! ಹೊಲ ಯಾವುದಾದ್ರೇನು, ಬಿತ್ತಿದ್ದೇ ಬೆಳೆಯೋದು."

"ಹಾಗಾದ್ರೆ ಬುರುಲ್‌ನ ಯಾಕೆ ಬೈತೀರಿ?"

ಬತ್ಮಾಳ ಜಾಲರಿ ಸೌಟು ಎಣ್ಣೆಯ ಮೇಲೆ ನಿಂತಿತು.

ಕಲಿಮಾ ಮೂಲೆಯಲ್ಲಿದ್ದ ಉಣ್ಣೆಯ ದಾರ ಎತ್ತಿಕೊಂಡಳು. "ಇದು ಎರಡೆಳೆ ಸೇರಿಸಿ ಹೊಸೆದದ್ದು ತಾನೇ? ನಮ್ಮ ಮೈಯೊಳಗೂ ಹೀಗೇ. ಒಂದೆಳೆ ಅಪ್ಪಂದು, ಒಂದೆಳೆ ಅಮ್ಮಂದು. ನಿಮ್ಮ ಮಗ, ಬುರುಲ್, ಇಬ್ಬರ ರಕ್ತನೂ ಪಟ್ಟಣದಲ್ಲಿ ನೋಡಿದ್ರಲ್ಲ? ಇಬ್ಬರಿಗೂ ಒಂದೆಳೆ ಗಟ್ಟಿ, ಒಂದೆಳೆ ಸವೆದಿದೆ. ಒಂದು ಗಟ್ಟಿ ಇದ್ರೂ ಸಾಕು, ಮನುಷ್ಯ ಆರಾಮಾಗಿರ್ತಾನೆ."

"ಮತ್ತೆ ಮಗು?" ಎಂದಳು ಬತ್ಮಾ.

"ಬೀಜ ಆಗೋವಾಗ ದಾರ ಬಿಚ್ಚಿಕೊಳ್ಳುತ್ತೆ. ಒಬ್ಬೊಬ್ಬರಿಂದ ಒಂದೇ ಎಳೆ ಹೋಗೋದು. ಯಾವುದು ಅನ್ನೋದು ಯಾರ ಕೈಲೂ ಇಲ್ಲ. ಎರಡೂ ಕಡೆಯಿಂದ ಸವೆದದ್ದೇ ಹೋದ್ರೆ ತಿಲೆಕ್‌ಗೆ ಬಂದ ಕಾಯಿಲೆ. ನಾಲ್ಕರಲ್ಲಿ ಒಂದು ಪಾಲು ಹಾಗಾಗೋ ಭಯ, ಪ್ರತಿ ಬಸಿರಿಗೂ. ಒಂದು ಸಲ ಆಯ್ತು ಅಂತ ಮುಂದಿನ ಸಲ ಬಿಡಲ್ಲ."

"ಹಾಗಾದ್ರೆ ಬುರುಲ್‌ಗೆ ನನ್ನ ತಮ್ಮನಿಂದ ಬಂದಿರ್ಬೇಕು... ನನ್ನ ಮಗನಿಗೆ?"

ಕಲಿಮಾ ದಾರ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ನಿಮ್ಮಿಂದಲೇ ಇರಬೇಕು ಅಕ್ಕ. ತವರಿನ ಎಳೆ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವಳ ತಪ್ಪೂ ಇಲ್ಲ."

ಬಾಣಲೆಯಲ್ಲಿದ್ದದ್ದು ಸೀದು ಹೋಯಿತು.

ಮರುದಿನ ಓಲೆ ಶಾಸ್ತ್ರ ನಡೆಯಲಿಲ್ಲ. ಹುಡುಗ, ಹುಡುಗಿ ಇಬ್ಬರನ್ನೂ ಬತ್ಮಾಳೇ ಪಟ್ಟಣಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಇಬ್ಬರಲ್ಲೂ ಸವೆದ ಎಳೆ ಇತ್ತು. ಸಂಬಂಧ ಕೈಬಿಟ್ಟರು. ಒಬ್ಬರನ್ನೊಬ್ಬರು ಮೆಚ್ಚಿದ್ದ ಜೀವಗಳು ತುಂಬಾ ಅತ್ತವು. ಮನೆಗೆ ಬಂದ ಬತ್ಮಾ ಸೊಸೆಯ ತಲೆ ಎದೆಗೊತ್ತಿಕೊಂಡು, "ಕೂಸನ್ನ ಕಾಯಿಲೆ ಕೊಂದಿತು ಮಗಳೇ. ನಿನ್ನನ್ನ ದಿನಾ ಕೊಂದವಳು ನಾನು" ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮದುವೆ ಮಾತಿಗೆ ಮೊದಲು ಕುಲ ಕೇಳಿದರೆ ಸಾಲದು. ಬಳಗದಲ್ಲಾಗಲಿ ಹೊರಗಾಗಲಿ, ಹುಡುಗ ಹುಡುಗಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮದುವೆಯಾಗಿದ್ದರೆ ಬಸಿರಿಗೆ ಮೊದಲೇ ವೈದ್ಯರನ್ನು ಕೇಳಿ. ಮಗು ಕಳೆದುಕೊಂಡ ತಾಯಿಯನ್ನು ದೂರಬೇಡಿ. ತಿಲೆಕ್‌ನ ಮನೆಯವರಿಗೆ ಈ ಮಾತು ತಿಳಿದಾಗ ಅವನು ಮಣ್ಣಿನಡಿ ಇದ್ದ. ನಿಮಗೆ ಇವತ್ತೇ ತಿಳಿದಿದೆ.